ಅಂಗಿಗುಂಡಿಯಷ್ಟು ಬ್ಯಾಟರಿ

ಕತ್ತಿನ ಮೇಲೆ ಸ್ಕ್ರೂಡ್ರೈವರ್!

ಅದೂ ನನ್ನದೇ ಸ್ಕ್ರೂಡ್ರೈವರ್. ನನ್ನ ಮೇಜಿನಿಂದಲೇ ಎತ್ತಿಕೊಂಡು ನನ್ನ ಕತ್ತಿಗೇ ಇಟ್ಟಿದ್ದ. ಪ್ಲಸ್ ತಲೆಯ ಸಣ್ಣ ಸೈಜು, ತುದಿಯಲ್ಲಿ ಅಯಸ್ಕಾಂತ. ಲ್ಯಾಪ್‌ಟಾಪ್ ಬಿಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಮನುಷ್ಯರನ್ನು ಬಿಚ್ಚುವುದಕ್ಕೆ ಹೇಗೋ, ನನಗೆ ಅನುಭವವಿರಲಿಲ್ಲ.

"ಡಬ್ಬ ಎಲ್ಲಿ?" ಎಂದ.

"ಯಾವ ಡಬ್ಬಾನಪ್ಪಾ? ಅಂಗಡಿ ತುಂಬಾ ಡಬ್ಬಾನೇ ಇದೆ..."

"ಕಾರ್ಖಾನೆ ಡಬ್ಬ! ಬೆಳಿಗ್ಗೆ ಬಂತಲ್ಲ, ಆ ಕಂಪ್ಯೂಟರ್! ಕೊಡ್ತೀಯೋ, ಚುಚ್ಚಲೋ?"

ಮಧ್ಯಾಹ್ನ ಎರಡೂವರೆ. ಹೊರಗೆ ಸುಡುಬಿಸಿಲು. ಎದುರಿನ ಟೈಲರ್ ಅಂಗಡಿಯಲ್ಲಿ ಮೆಷಿನ್ ಓಡುತ್ತಿತ್ತು. ಕೂಗಿದ್ದರೆ ಜನ ಬರುತ್ತಿದ್ದರು. ಬಂದು ಫೋನ್ ತೆಗೆದು ವಿಡಿಯೋ ಮಾಡುತ್ತಿದ್ದರು... ಅದನ್ನೂ ಅಡ್ಡ ಹಿಡಿಯದೆ ಉದ್ದಕ್ಕೆ ಹಿಡಿದು, ನನ್ನ ತಲೆ ಒಂದು ಕಡೆ, ಅವನ ಕೈ ಒಂದು ಕಡೆ ಕತ್ತರಿಸಿ!

ಇರಿ. ನೀವು ಮೊದಲು ಕೂತುಕೊಳ್ಳಿ. ಆ ಸ್ಟೂಲ್ ಎಳೆದುಕೊಳ್ಳಿ. ಲ್ಯಾಪ್‌ಟಾಪ್ ಮೇಜಿನ ಮೇಲಿಡಿ. "ಯಾಕೋ ತುಂಬಾ ಸ್ಲೋ" ಎಂದಿರಿ, ನೋಡೋಣ. "ಅದೇನೋ ರಟ್ಟಿನ ಕಾರ್ಖಾನೆ ಗಲಾಟೆಯಂತಲ್ಲ ಅಕ್ಕಾ?" ಎಂದೂ ನೀವೇ ಕೇಳಿದಿರಿ. ಹೇಳುತ್ತೇನೆ. ನನ್ನ ಬಾಯಿ, ಕೈ ಎರಡೂ ಒಟ್ಟಿಗೇ ಓಡುತ್ತವೆ.

ನನ್ನನ್ನು ಇಲ್ಲಿ ಎಲ್ಲರೂ ರಿಪೇರಿ ಅಕ್ಕ ಎನ್ನುತ್ತಾರೆ. ಮೆಟ್ಟಿಲ ಕೆಳಗಿನ ಈ ಗೂಡಿನಲ್ಲಿ ಹದಿನೆಂಟು ವರ್ಷ. ಕಲಿತದ್ದು ಒಂದೇ. ಯಂತ್ರ ಅಪರೂಪಕ್ಕೆ ಕೆಡುತ್ತದೆ, ಮನುಷ್ಯ ದಿನಾ ಕೆಡುತ್ತಾನೆ! ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತು ಮೂರು ದಿನ ಕಾದು ತರುತ್ತಾರೆ. ಬಿಚ್ಚಿದರೆ ಒಳಗೆ ನೀರೂ ಇರುತ್ತದೆ, ಅಕ್ಕಿಯ ಧೂಳೂ ಇರುತ್ತದೆ. ಆಫ್ ಮಾಡಿ ಅವತ್ತೇ ತನ್ನಿ ಎಂದರೆ ಕೇಳುವವರಿಲ್ಲ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಅದರ ಮೂಗು ಮುಚ್ಚಿ, "ಬಿಸಿ ಆಗುತ್ತೆ ಅಕ್ಕಾ" ಎಂದು ಅಳುತ್ತಾರೆ. ಕೆಲಸವಿಲ್ಲದೆ ಕೂತಾಗ ಹತ್ತು ಸಲ ರಿಫ್ರೆಶ್ ಒತ್ತುತ್ತಾರೆ. ಅದರಿಂದ ಕಂಪ್ಯೂಟರಿಗೆ ಏನೂ ಆಗುವುದಿಲ್ಲ, ಬೆರಳಿಗೆ ವ್ಯಾಯಾಮವಾಗುತ್ತದೆ ಅಷ್ಟೇ.

ನಿಮ್ಮ ಚಾರ್ಜರ್ ಕೊಡಿ. ಹ್ಞಾಂ... ಸರಿ ಇದೆ.

ನನಗೊಬ್ಬ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ನಾನೇ ಸಾಕಿದವನು. ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಕಟಿಂಗ್ ಮೆಷಿನ್ ನಡೆಸುತ್ತಿದ್ದ. ಹೆಲ್ಮೆಟ್ ಬರುವ ಹಿಂದಿನ ದಿನ ಆ ಮೆಷಿನ್ನಿಗೆ ಪ್ಯಾಕಿಂಗ್ ಕೆಲಸದ ಹೆಣ್ಣುಮಗಳ ಕೈ ಸಿಕ್ಕಿತು. ಹೆಲ್ಮೆಟ್ ಎಂದರೆ ನನ್ನ ಕತ್ತಿಗೆ ಸ್ಕ್ರೂಡ್ರೈವರ್ ಇಟ್ಟವನು. ತಲೆಯಿಂದ ಹೆಲ್ಮೆಟ್ ತೆಗೆದದ್ದನ್ನು ಯಾರೂ ನೋಡಿಲ್ಲ.

ಎರಡು ಬೆರಳು ಹೋದವು ಆ ಹುಡುಗಿಗೆ. ನಿಂತಿದ್ದ ಮೆಷಿನ್ನಿನಲ್ಲಿ ರಟ್ಟು ಸಿಕ್ಕಿಕೊಂಡಿದೆ ಎಂದು ಕೈ ಹಾಕಿದ್ದಳು. ಅಷ್ಟರಲ್ಲಿ ಯಾರೋ ಆನ್ ಮಾಡಿದರು!

ಯಾರು?

"ನಾನಲ್ಲ ಅಕ್ಕಾ," ಎಂದ ತಮ್ಮ, ಸ್ಟೇಷನ್ನಿನ ಕಂಬಿಯ ಹಿಂದಿನಿಂದ. "ನಾನು ಆಫ್ ಮಾಡಿ, ಸ್ಪ್ಯಾನರ್ ತರೋಕೆ ಹೋಗಿದ್ದೆ."

ಆದರೆ ಕಂಪ್ಯೂಟರ್ ಬೇರೆಯದನ್ನೇ ಹೇಳಿತ್ತು. ಅಲ್ಲಿ ಕಾರ್ಡ್ ತೋರಿಸಿದರೆ ಮಾತ್ರ ಮೆಷಿನ್ ಓಡುತ್ತದೆ. ಯಾವ ಕಾರ್ಡ್, ಎಷ್ಟು ಗಂಟೆಗೆ, ಆನೋ ಆಫೋ... ಎಲ್ಲವನ್ನೂ ಆಫೀಸಿನ ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಮಾಲೀಕನ ಅಳಿಯ ಆ ಪಟ್ಟಿಯ ಒಂದು ಹಾಳೆಯನ್ನು ಪ್ರಿಂಟ್ ತೆಗೆದು ಇನ್‌ಸ್ಪೆಕ್ಟರಿಗೆ ಕೊಟ್ಟಿದ್ದ. ಅದರ ಕೊನೆಯ ಸಾಲು: ಹನ್ನೊಂದು ಹತ್ತು, ಕಾರ್ಡ್ ಹದಿನಾಲ್ಕು, ಆನ್.

ಹದಿನಾಲ್ಕು ನನ್ನ ತಮ್ಮನ ಕಾರ್ಡ್. ಆಂಬುಲೆನ್ಸಿಗೆ ಫೋನ್ ಹೋದದ್ದು ಹನ್ನೊಂದು ಹನ್ನೊಂದಕ್ಕೆ. ಎಷ್ಟು ಚೆನ್ನಾಗಿ ಕೂತಿತು ನೋಡಿ!

"ಕಂಪ್ಯೂಟರ್ ಸುಳ್ಳು ಹೇಳುತ್ತೇನಮ್ಮಾ?" ಎಂದರು ಇನ್‌ಸ್ಪೆಕ್ಟರ್. "ನಾಳೆ ನಾಲ್ಕು ಗಂಟೆಗೆ ಕೋರ್ಟಿಗೆ ಹಾಜರು ಮಾಡ್ತೀವಿ. ಆಮೇಲೆ ಜೈಲು, ವಕೀಲರು, ನಿಮ್ಮ ಹಣೆಬರಹ."

ಅದಕ್ಕೂ ನನಗೆ ಅಷ್ಟು ನೋವಾಗಲಿಲ್ಲ. ನೋವಾದದ್ದು ತಮ್ಮ ಆಮೇಲೆ ಹೇಳಿದ ಮಾತಿಗೆ.

"ನಾನೇ ಮರೆತು ಆನ್ ಮಾಡಿದ್ನೇನೋ ಅಕ್ಕಾ... ಕಂಪ್ಯೂಟರಲ್ಲೇ ಇದೆಯಂತಲ್ಲ..."

ತಾನು ಮಾಡಿದ್ದು ತನಗೇ ಗೊತ್ತಿದ್ದ ಹುಡುಗ, ಒಂದು ಹಾಳೆ ನೋಡಿ ತನ್ನನ್ನೇ ನಂಬುವುದನ್ನು ಬಿಟ್ಟಿದ್ದ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗುಮಾಸ್ತೆ ಓಡಿ ಬಂದಳು. ಬಾಡಿಗೆ ಗಾಡಿಯಲ್ಲಿ ಆಫೀಸಿನ ಕಂಪ್ಯೂಟರ್!

ಅವಳು ನನ್ನ ಹಳೆಯ ಗಿರಾಕಿ. ವರ್ಷಗಳ ಹಿಂದೆ ಅವಳಿಗೆ ಒಂದು ಪಾಠ ಹೇಳಿಕೊಟ್ಟಿದ್ದೆ. ಕಂಪ್ಯೂಟರ್ ಆನ್ ಆಗದಿದ್ದರೆ ಅಳಬೇಡ, ಬಡಿಯಬೇಡ, ನನಗೆ ಫೋನ್ ಮಾಡಬೇಡ. ಮೊದಲು ಡಬ್ಬದ ಹಿಂಭಾಗ ನೋಡು. ಕರೆಂಟಿನ ವಯರ್ ಹೋಗುವ ಜಾಗದ ಪಕ್ಕ ಒಂದು ಪುಟ್ಟ ಸ್ವಿಚ್ ಇದೆ. ಗುಡಿಸುವಾಗ ಪೊರಕೆ ತಾಗಿದರೂ ಆಫ್ ಆಗುತ್ತದೆ. ಇಲ್ಲಿಗೆ ಹೆಣದಂತೆ ಹೊತ್ತು ತರುವ ಹತ್ತು ಕಂಪ್ಯೂಟರಿನಲ್ಲಿ ನಾಲ್ಕು, ಆ ಸ್ವಿಚ್ಚಿನಿಂದ ಸತ್ತವು!

ಅವಳು ಅದೇ ಪಾಠವನ್ನು ತಿರುಗಿಸಿ ಓದಿದ್ದಳು. ಬೆಳಿಗ್ಗೆ ಮಾಲೀಕ, ಅಳಿಯ ಇಬ್ಬರೂ ಎಂದಿಗಿಂತ ಬೇಗ ಬಂದರಂತೆ. ಅಳಿಯ "ಇದರಲ್ಲಿರೋದೆಲ್ಲಾ ಒರೆಸಿ ಹಾಕ್ಬೇಕು" ಎಂದನಂತೆ. ಇವಳು ಬಿದ್ದ ಪೆನ್ನು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಟಕ್ ಎನಿಸಿದಳು.

ಅಳಿಯ ಬಟನ್ ಒತ್ತಿದ. ಇಲ್ಲ. ಇನ್ನೊಮ್ಮೆ. ಇಲ್ಲ! ಮೂವತ್ತು ಸಲ ಒತ್ತಿದ. ಡಬ್ಬದ ನೆತ್ತಿಗೆ ಎರಡು ಬಾರಿಸಿದ. ಅವನ ಹತ್ತಿರ ಎರಡು ಫೋನ್, ಎದೆಬಡಿತ ಎಣಿಸುವ ವಾಚು, ಬಣ್ಣಬಣ್ಣದ ದೀಪ ಉರಿಯುವ ಕೀಬೋರ್ಡು... ಎಲ್ಲ ಇವೆ. ಬಗ್ಗಿ ಹಿಂದೆ ನೋಡುವ ಬುದ್ಧಿ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಸತ್ತೇ ಹೋಗಿದೆ ಮಾವಾ," ಎಂದ.

"ಸದ್ಯ, ನಮ್ಮ ಕೆಲಸ ಸುಲಭ ಆಯ್ತು. ಗುಜರಿಗೆ ಕಳ್ಸು," ಎಂದ ಮಾಲೀಕ.

"ಆಯ್ತು ಸಾರ್," ಎಂದಳು ಗುಮಾಸ್ತೆ. ನೇರ ಇಲ್ಲಿಗೆ ತಂದಳು.

ನಾನು ಹಿಂದಿನ ಸ್ವಿಚ್ ಒತ್ತಿದೆ. ಹೆಣ ಎದ್ದು ಕೂತಿತು. ತೆರೆಯ ಮೇಲೆ ಮೊದಲು ಬಂದದ್ದು ಏನು ಗೊತ್ತೆ? ತಾರೀಖು, ಗಂಟೆ ಹಾಕಿ ಎಂಬ ಬೇಡಿಕೆ. ಅದರ ಲೆಕ್ಕದಲ್ಲಿ ಅವತ್ತು ಹದಿನೈದು ವರ್ಷ ಹಿಂದಿನ ಜನವರಿ ಒಂದು!

"ದಿನಾ ಹೀಗೇ ಅಕ್ಕಾ," ಎಂದಳು. "ಬೆಳಿಗ್ಗೆ ಬಂದ ತಕ್ಷಣ ನಾನೇ ಟೈಮ್ ಹೊಡೀಬೇಕು. ಮೂರು ವರ್ಷ ಆಯ್ತು."

ಸ್ವಲ್ಪ ಗಮನವಿಟ್ಟು ಕೇಳಿ, ಇಲ್ಲೇ ಇರುವುದು ಮಜಾ. ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲೂ ಅಂಗಿಗುಂಡಿಯಷ್ಟು ಒಂದು ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ಓಡಿಸುವುದು ಅದರ ಕೆಲಸ. ಕೆಲವು ವರ್ಷದಲ್ಲಿ ಅದು ಸಾಯುತ್ತದೆ. ಸತ್ತ ಮೇಲೆ ಕರೆಂಟ್ ಪೂರ್ತಿ ತೆಗೆದರೆ ಕಂಪ್ಯೂಟರಿಗೆ ಇವತ್ತು ಯಾವ ದಿನವೆಂದೇ ಗೊತ್ತಿರುವುದಿಲ್ಲ. ಮಾಲೀಕ ದಿನಾ ಸಂಜೆ ಮೇನ್ ಸ್ವಿಚ್ಚನ್ನೇ ಎಳೆದು ಮನೆಗೆ ಹೋಗುವ ಪುಣ್ಯಾತ್ಮ. ಇಂಟರ್ನೆಟ್ ಇದ್ದಿದ್ದರೆ ಗಡಿಯಾರ ತಾನೇ ಸರಿಹೋಗುತ್ತಿತ್ತು. ಅದನ್ನೂ ಕೊಟ್ಟಿರಲಿಲ್ಲ. ಕೊಟ್ಟರೆ ಜನ ಸಿನಿಮಾ ನೋಡುತ್ತಾರಂತೆ!

"ಟೈಮ್ ಹಾಕ್ತೀಯಲ್ಲ... ಏನ್ ನೋಡ್ಕೊಂಡು ಹಾಕ್ತೀಯ?"

"ಗೋಡೆ ಗಡಿಯಾರ ನೋಡ್ಕೊಂಡು."

"ಅದು ಸರಿ ಇದೆಯಾ?"

"ಎಲ್ಲಿಂದ ಸರಿ? ಕೆಲಸದವರು ಬೇಗ ಬರ್ಲಿ ಅಂತ ಯಜಮಾನ್ರು ಇಪ್ಪತ್ತೈದು ನಿಮಿಷ ಮುಂದೆ ಇಟ್ಟಿದ್ದಾರೆ..."

ಹೇಳುತ್ತ ಹೇಳುತ್ತ ಅವಳ ಬಾಯಿ ತೆರೆದೇ ಉಳಿಯಿತು. ನನ್ನದೂ.

ಗೋಡೆ ಗಡಿಯಾರ ಇಪ್ಪತ್ತೈದು ನಿಮಿಷ ಮುಂದೆ. ಅದನ್ನು ನೋಡಿ ಹಾಕಿದ ಕಂಪ್ಯೂಟರೂ ಇಪ್ಪತ್ತೈದು ನಿಮಿಷ ಮುಂದೆ! ಹಾಗಾದರೆ ಆ ಹಾಳೆಯ ಹನ್ನೊಂದು ಹತ್ತು ಎಂದರೆ ನಿಜವಾಗಿ ಹತ್ತೂ ಮುಕ್ಕಾಲು. ಆಗ ತಮ್ಮ ಎಂದಿನಂತೆ ಕೆಲಸಕ್ಕೆ ಮೆಷಿನ್ ಆನ್ ಮಾಡಿದ್ದ, ಅಷ್ಟೇ. ಅಪಘಾತ ನಿಜವಾದ ಹನ್ನೊಂದು ಹತ್ತಕ್ಕೆ. ಅದು ಕಂಪ್ಯೂಟರಿನಲ್ಲಿ ಹನ್ನೊಂದು ಮೂವತ್ತೈದು ಎಂದು ಕೂತಿರಬೇಕು. ಅಳಿಯ ಪ್ರಿಂಟ್ ತೆಗೆದದ್ದು ಹನ್ನೊಂದು ಹತ್ತರವರೆಗೆ ಮಾತ್ರ...

ಪಟ್ಟಿ ತೆರೆದೆ.

ಹನ್ನೊಂದೂವರೆ, ಕಾರ್ಡ್ ಹದಿನಾಲ್ಕು, ಆಫ್. ತಮ್ಮ ಹೇಳಿದ್ದು ಅಕ್ಷರಶಃ ನಿಜ!

ಹನ್ನೊಂದು ಮೂವತ್ತೈದು, ಕಾರ್ಡ್ ಒಂದು, ಆನ್.

ಹನ್ನೊಂದು ಮೂವತ್ತಾರು, ಎಮರ್ಜೆನ್ಸಿ ಸ್ಟಾಪ್.

"ಒಂದನೇ ಕಾರ್ಡ್ ಯಾರದು?" ಎಂದೆ.

"ಅಳಿಯಂದು," ಎಂದಳು ಗುಮಾಸ್ತೆ, ಪಿಸುಮಾತಿನಲ್ಲಿ. "ಅಕ್ಕಾ, ನನ್ನ ಹೆಸರು ಮಾತ್ರ ಎತ್ತಬೇಡ!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು ಇದೇ. ಪಟ್ಟಿಯನ್ನು ಮೂರು ಕಡೆ ಕಾಪಿ ಮಾಡಿದೆ. ಪಟ್ಟಿ ಮಾತ್ರ ಸಾಲದು, ಇಡೀ ಕಂಪ್ಯೂಟರನ್ನೇ ಇನ್‌ಸ್ಪೆಕ್ಟರ್ ಮುಂದೆ ಇಡಬೇಕಿತ್ತು. ಸತ್ತ ಬ್ಯಾಟರಿಯ ಸಮೇತ. ಅದನ್ನು ಒಂದು ಹಳೆಯ ಚೀಲದಲ್ಲಿ ಸುತ್ತಿ ಮೇಜಿನ ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ...

ಆಗ ಬಂದ ಹೆಲ್ಮೆಟ್! ಬಾಡಿಗೆ ಗಾಡಿಯವನು ಎಲ್ಲೋ ಬಾಯಿಬಿಟ್ಟಿದ್ದ.

ನಿಮ್ಮ ಬ್ಯಾಟರಿಯೂ ಚೆನ್ನಾಗಿದೆ ನೋಡಿ. ಡಿಸ್ಕ್ ನೋಡುತ್ತೇನೆ ಈಗ.

"ಹತ್ತು ಎಣಿಸ್ತೀನಿ," ಎಂದ ಹೆಲ್ಮೆಟ್. "ಒಂದು... ಎರಡು..."

ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಿದ. "ಹಲೋ ಅಣ್ಣಾ, ಅಂಗಡೀಲೇ ಇದ್ದೀನಿ..." ಅಷ್ಟರಲ್ಲಿ ಕಟ್! ತೆರೆ ಕಪ್ಪಾಯಿತು. ಅವನು ಫೋನಿಗೆ ಬೈದ ಬೈಗುಳ ನಿಮ್ಮೆದುರು ಹೇಳುವಂಥದ್ದಲ್ಲ.

"ಚಾರ್ಜ್ ನಿಲ್ಲಲ್ವಾ?" ಎಂದೆ. ಕತ್ತು ಅಲುಗಿಸದೆ.

"ನಿಂಗ್ಯಾಕೆ?"

"ವಯರ್ ಹಾಕಿ, ಎಡಕ್ಕೆ ಒತ್ತಿ, ಮೇಲೆ ಒಂದು ಪುಸ್ತಕ ಇಟ್ರೆ ಮಾತ್ರ ಚಾರ್ಜ್ ಆಗುತ್ತೆ. ಹೌದೋ ಅಲ್ವೋ?"

ಹೆಲ್ಮೆಟ್ಟಿನ ಗಾಜಿನ ಹಿಂದೆ ಕಣ್ಣು ಪಿಳಿಪಿಳಿ ಎಂದಿತು. "ನಿಂಗ್ ಹೆಂಗೊತ್ತು?"

"ಹೊಸ ಫೋನ್ ತಗೋ ಅಂದಿರ್ತಾರೆ."

"ಬ್ಯಾಟರಿ, ಬೋರ್ಡು ಎರಡೂ ಹೋಗಿದೆ ಅಂದ್ರು..."

"ಮಣ್ಣು! ಕೊಡು ಇಲ್ಲಿ. ಸ್ಕ್ರೂಡ್ರೈವರ್ ಅಲ್ಲೇ ಇಟ್ಕೋ, ನನಗೇನೂ ಬೇಜಾರಿಲ್ಲ."

ಕೊಟ್ಟ! ಎಂಥ ರೌಡಿಯಾದರೂ ಫೋನ್ ಕೆಟ್ಟರೆ ಹಸುಗೂಸು. ಫೋನ್ ಆಫ್ ಆಗಿಯೇ ಇತ್ತು. ಹಲ್ಲುಕಡ್ಡಿ ತೆಗೆದುಕೊಂಡು ಚಾರ್ಜಿಂಗ್ ತೂತಿನ ಒಳಗೆ ಮೆಲ್ಲಗೆ ಕೆರೆದೆ. ಕಬ್ಬಿಣದ ಪಿನ್ ಹಾಕಬಾರದು, ನೆನಪಿಡಿ, ಒಳಗಿನ ಕಾಲುಗಳು ಮುರಿದು ಹೋಗುತ್ತವೆ. ಮರದ ಕಡ್ಡಿಯೇ ಆಗಬೇಕು. ಪ್ಯಾಂಟಿನ ಜೇಬಿನ ನೂಲು, ಧೂಳು, ಒಂದು ಪುಟ್ಟ ದಿಂಬಿಗಾಗುವಷ್ಟು ಹೊರಗೆ ಬಂತು. ವಯರ್ ಚುಚ್ಚಿದೆ, ದೀಪ ಹತ್ತಿತು. ಟಿಣ್!

ಹೆಲ್ಮೆಟ್ ಆ ದೀಪವನ್ನೇ ನೋಡುತ್ತ ನಿಂತ. ಸ್ಕ್ರೂಡ್ರೈವರ್ ತಾನಾಗಿಯೇ ಕೆಳಗಿಳಿಯಿತು.

"ಎಂಟು ತಿಂಗಳಿಂದ ಪುಸ್ತಕ ಇಡ್ತಿದ್ದೆ ಅಕ್ಕಾ..." ಎಂದ. ಅಕ್ಕಾ!

"ಪೂರ್ತಿ ಚಾರ್ಜ್ ಮಾಡ್ಕೋ. ಡಬ್ಬ ಅಲ್ಲಿದೆ, ಬಾಗಿಲ ಪಕ್ಕ. ತಗೊಂಡು ಹೋಗು. ನನಗ್ಯಾಕೆ ದೊಡ್ಡೋರ ಸಹವಾಸ?"

ಬಾಗಿಲ ಪಕ್ಕ ಇದ್ದದ್ದು ಒಂದು ಡ್ರೈವಿಂಗ್ ಸ್ಕೂಲಿನ ಕಂಪ್ಯೂಟರ್. ಅದೂ ಕಪ್ಪು ಡಬ್ಬ, ಇದೂ ಕಪ್ಪು ಡಬ್ಬ. ಅದರೊಳಗೆ ಇಲಿ ಗೂಡು ಕಟ್ಟಿತ್ತು. ಹೆಲ್ಮೆಟ್ ಅರ್ಧ ಗಂಟೆ ಚಾರ್ಜ್ ಮಾಡಿಕೊಂಡು, ಡಬ್ಬವನ್ನು ಮಗುವಿನಂತೆ ಅವುಚಿಕೊಂಡು ಹೋದ. ನನ್ನ ಸ್ಕ್ರೂಡ್ರೈವರನ್ನೂ ಮರೆತು ಜೇಬಿಗೆ ಹಾಕಿಕೊಂಡಿದ್ದ. ಚಳ್ಳೆಹಣ್ಣು ತಿನ್ನಿಸಿದ್ದಕ್ಕೆ ಅಷ್ಟು ಬೆಲೆ ತೆರಬೇಕಾಯಿತು.

ಗಂಟೆ ಮೂರು ಹತ್ತು. ನಿಜವಾದ ಮೂರು ಹತ್ತು!

ಅಸಲಿ ಡಬ್ಬವನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೊರಟೆ. ಮಾರ್ಕೆಟ್ ದಾಟಿ, ಸೇತುವೆ ದಾಟಿ, ಆಸ್ಪತ್ರೆಯ ಹಿಂದಿನ ರಸ್ತೆಗೆ ಬಂದೆ. ಕನ್ನಡಿಯಲ್ಲಿ ಬಿಳಿ ಕಾರು! ಮುಂದೆ ಅಳಿಯ, ಹಿಂದಿನ ಸೀಟಿನಲ್ಲಿ ಹೆಲ್ಮೆಟ್. ಆಮೇಲೆ ತಿಳಿಯಿತು, ಡಬ್ಬದ ಮುಚ್ಚಳ ತೆಗೆದ ತಕ್ಷಣ ಒಂದು ಇಲಿ ಅಳಿಯನ ಅಂಗಿಯೊಳಗೆ ಹಾರಿತ್ತಂತೆ.

ಕಾರು ಹತ್ತಿರ ಬಂತು. ಹಾರ್ನ್! ಇನ್ನೂ ಹತ್ತಿರ... ಬಂಪರ್ ನನ್ನ ಹಿಂದಿನ ಚಕ್ರಕ್ಕೆ ಮುತ್ತಿಡುವಷ್ಟು ಹತ್ತಿರ! ಕಾಲಿನಿಂದ ಡಬ್ಬ ಅದುಮಿಕೊಂಡೆ.

"ನಿಲ್ಲಿಸೇ! ಇಲ್ಲಾಂದ್ರೆ ಹತ್ತಿಸ್ತೀನಿ!" ಅಳಿಯ ಕಿಟಕಿಯಿಂದ ಕಿರುಚಿದ.

ನಿಲ್ಲಿಸಲಿಲ್ಲ. ಎಡಕ್ಕೆ ಹೊರಳಿ ಸಂದಿಗೆ ನುಗ್ಗಿದೆ. ಕಾರು ನುಗ್ಗಲಾಗದ ಸಂದಿ. ಅಳಿಯನ ಕಾರಿನಲ್ಲಿ ಟೀವಿಯಷ್ಟು ದೊಡ್ಡ ತೆರೆ ಇದೆ, ಅದರಲ್ಲಿ ಒಬ್ಬಳು ದಾರಿ ಹೇಳುತ್ತಾಳೆ. ಅಳಿಯ ಸ್ಟೇಷನ್ ಎಂದು ಒತ್ತಿದನಂತೆ. "ಇನ್ನೂರು ಮೀಟರ್ ನಂತರ ಬಲಕ್ಕೆ ತಿರುಗಿ" ಎಂದಳಂತೆ. ತಿರುಗಿದ. ಅಲ್ಲಿ ರಸ್ತೆಯಿಲ್ಲ ಎಂದು ಊರಿನ ನಾಯಿಗೂ ಗೊತ್ತು. ಅರವತ್ತೆರಡು ಮೆಟ್ಟಿಲು!

"ಅಣ್ಣಾ, ಮೆಟ್ಟಿಲು..." ಎಂದನಂತೆ ಹೆಲ್ಮೆಟ್.

"ಮ್ಯಾಪಲ್ಲಿ ರಸ್ತೆ ಇದೆಯಲ್ಲೋ, ಬಾಯ್ಮುಚ್ಚು!"

ಐದು ಮೆಟ್ಟಿಲು ಇಳಿಯಿತು ಕಾರು. ಆರನೆಯದರಲ್ಲಿ ಕೂತಿತು. "ನೀವು ನಿಮ್ಮ ಸ್ಥಳವನ್ನು ತಲುಪಿದ್ದೀರಿ" ಎಂದು ಅವಳು ಹೇಳಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ನಾನು ಸ್ಟೇಷನ್ ಮುಟ್ಟಿದಾಗ ಮೂರೂವರೆ. ತಮ್ಮನನ್ನು ಹೊರಡಿಸುತ್ತಿದ್ದರು. ಕೈಗೆ ಬೇಡಿ. ನನ್ನನ್ನು ನೋಡಿ ತಲೆ ತಗ್ಗಿಸಿದ.

"ಸಾರ್, ಐದೇ ನಿಮ್ಷ! ಈ ಕಂಪ್ಯೂಟರ್ ನೋಡಿ. ಅವರು ಪೂರ್ತಿ ಪಟ್ಟಿ ಕೊಟ್ಟಿಲ್ಲ ನಿಮಗೆ!"

ಇನ್‌ಸ್ಪೆಕ್ಟರ್ ಗೊಣಗಿದರು, ಆದರೂ ಒಪ್ಪಿದರು. ಅವರ ಮೇಜಿನ ಮಾನಿಟರಿಗೆ ನನ್ನ ಡಬ್ಬ ಜೋಡಿಸಿದೆ. ಗಂಟೆ ಹಾಕದೆ ಮುಂದೆ ಹೋಗಿ ಪಟ್ಟಿ ತೆರೆದೆ. ಕಾರ್ಡ್ ಒಂದರ ಸಾಲಿಗೆ ಬೆರಳಿಟ್ಟೆ.

"ಇದು ಹನ್ನೊಂದು ಮೂವತ್ತೈದಮ್ಮಾ," ಎಂದರು. "ಅಪಘಾತ ಆಗಿ ಅಷ್ಟೊತ್ತಾದ ಮೇಲೆ. ಇದ್ರಲ್ಲೇನಿದೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಅಳಿಯ! ಏದುಸಿರು, ಬೆವರು, ಅಂಗಿಯ ಗುಂಡಿ ಕಿತ್ತುಹೋಗಿದೆ. ಹಿಂದೆ, ಅವನು ಫೋನ್ ಮಾಡಿ ಕರೆಸಿಕೊಂಡ ಮಾಲೀಕ. ಅವನ ಹಿಂದೆ ಹೆಲ್ಮೆಟ್.

"ಕಳ್ಳಿ! ನಮ್ಮ ಕಂಪ್ಯೂಟರ್ ಕದ್ದಿದ್ದಾಳೆ ಸಾರ್!"

"ಗುಜರಿಗೆ ಹಾಕಿದ್ದು ಕದ್ದಂಗಾಗುತ್ತಾ?" ಎಂದೆ. "ಅದಿರ್ಲಿ, ಹನ್ನೊಂದು ಮೂವತ್ತೈದಕ್ಕೆ ಒಂದನೇ ಕಾರ್ಡ್ ತೋರ್ಸಿದ್ದು ಯಾರು?"

ಅಳಿಯ ತೆರೆ ನೋಡಿದ. ಒಂದು ಕ್ಷಣ ಮುಖ ಬಿಳುಚಿತು. ಆಮೇಲೆ ನಕ್ಕ. ಜಾಣ ಎಂದುಕೊಂಡಿದ್ದ ತನ್ನನ್ನು.

"ನಾನೇ. ಆಮೇಲೆ ಮೆಷಿನ್ ಸರಿ ಇದೆಯಾ ಅಂತ ಟೆಸ್ಟ್ ಮಾಡ್ದೆ. ಏನೀಗ?"

"ಏನಿಲ್ಲ. ನೀವೇ ಅಂತ ಒಪ್ಕೊಂಡ್ರಲ್ಲ, ಅಷ್ಟೇ ಸಾಕು."

ಮಾಲೀಕನ ಕಡೆ ತಿರುಗಿದೆ. ಧ್ವನಿಯಲ್ಲಿ ಬೆಲ್ಲ ಕಲಸಿದೆ.

"ಯಜಮಾನ್ರೇ, ಈಗ ಟೈಮ್ ಎಷ್ಟು?"

"ಮೂರು ಐವತ್ತು."

"ನಿಮ್ಮ ಕಾರ್ಖಾನೆ ಶಿಸ್ತಿನ ಬಗ್ಗೆ ಎಲ್ರೂ ಮಾತಾಡ್ತಾರೆ. ನಿಮ್ಮ ಆಫೀಸಲ್ಲಿ ಈಗ ಎಷ್ಟಾಗಿರುತ್ತೆ?"

ಮಾಲೀಕನ ಎದೆ ಉಬ್ಬಿತು. "ನಾಲ್ಕೂಕಾಲು!"

"ಮಾವಾ..." ಎಂದ ಅಳಿಯ.

"ಇಪ್ಪತ್ತೈದು ನಿಮಿಷ ಮುಂದೆ ಇಟ್ಟಿದ್ದೀನಿ ಇನ್‌ಸ್ಪೆಕ್ಟ್ರೇ! ಒಬ್ನೂ ಲೇಟಾಗಿ ಬರಲ್ಲ! ಇಪ್ಪತ್ತು ವರ್ಷದಿಂದ..."

"ಮಾವಾ, ಬಿಡಿ ಆ ವಿಷ್ಯ..."

"ಏನ್ರೀ ಬಿಡೋದು? ಗಡಿಯಾರ ಅಷ್ಟೇ ಅಲ್ಲ, ಕಂಪ್ಯೂಟರಿಗೂ ಅದೇ ಟೈಮು! ದಿನಾ ಬೆಳಿಗ್ಗೆ ನನ್ನ ಕಣ್ಣೆದುರೇ ಹಾಕಿಸ್ತೀನಿ!"

"ಮಾವಾ!!"

ನಾನು ಡಬ್ಬದ ಹಿಂದಿನ ಸ್ವಿಚ್ ಟಕ್ ಎನಿಸಿದೆ, ಮತ್ತೆ ಟಕ್. ತೆರೆಯ ಮೇಲೆ ಬಂತು, ಹದಿನೈದು ವರ್ಷ ಹಿಂದಿನ ಜನವರಿ ಒಂದು.

"ನೋಡಿ ಸಾರ್. ಈ ಕಂಪ್ಯೂಟರಿಗೆ ಸ್ವಂತ ಗಡಿಯಾರಾನೇ ಇಲ್ಲ. ಯಜಮಾನ್ರು ಹೇಳ್ಕೊಟ್ಟಿದ್ದೇ ಟೈಮು. ಇದರ ಹನ್ನೊಂದು ಮೂವತ್ತೈದು ಅಂದ್ರೆ ನಿಮ್ಮ ಹನ್ನೊಂದು ಹತ್ತು. ಆಗಲೇ ಆ ಹುಡುಗಿ ಕೈ ಹೋಗಿದ್ದು. ಆನ್ ಮಾಡಿದ್ದು ಯಾರು ಅಂತ ಅವರೇ ಈಗ ಹೇಳಿದ್ರು."

"ಇಲ್ಲ ಸಾರ್! ನಾನು ಟೆಸ್ಟ್ ಮಾಡಿದ್ದು ನಿಜವಾದ ಹನ್ನೊಂದು ಮೂವತ್ತೈದಕ್ಕೆ! ಆಣೆಗೂ!"

ಇನ್‌ಸ್ಪೆಕ್ಟರ್ ಎದ್ದು ನಿಂತರು. ಮೇಜಿನ ಡ್ರಾಯರ್ ಎಳೆದು ಒಂದು ಬಿಳಿ ಫ್ಯೂಸ್ ತೆಗೆದು ಮೇಜಿನ ಮೇಲಿಟ್ಟರು.

"ಹನ್ನೊಂದು ಇಪ್ಪತ್ತೈದಕ್ಕೆ ನಾನೇ ಬಂದು ಆ ಮೆಷಿನ್ನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡಿದ್ದೆ. ಕರೆಂಟಿಲ್ಲದೆ ಹೆಂಗಪ್ಪಾ ಟೆಸ್ಟ್ ಮಾಡ್ದೆ?"

ಅಳಿಯ ಇಂಗು ತಿಂದ ಮಂಗನಂತೆ ನಿಂತ. ಅವನ ಕೈಯ ವಾಚು ಟಿಣ್ ಟಿಣ್ ಎಂದಿತು, ಎದೆಬಡಿತ ಜಾಸ್ತಿಯಾಗಿದೆ, ಸ್ವಲ್ಪ ಕೂತುಕೊಳ್ಳಿ ಎಂದು. ಒಳ್ಳೆಯ ವಾಚು. ನಾನು ಗ್ಯಾಜೆಟ್ಟೊಂದನ್ನು ಹೊಗಳಿದ್ದು ಅದೇ ಮೊದಲು.

"ಆರ್ಡರ್ ಲೇಟಾಗ್ತಿತ್ತು... ಯಾರೋ ಆಫ್ ಮಾಡಿಟ್ಟಿದ್ದಾರೆ ಅಂದ್ಕೊಂಡು..." ಎಂದು ತೊದಲಿದ. ಮಾಲೀಕ ಗೋಡೆ ಹಿಡಿದುಕೊಂಡ. ಅವನಿಗೆ ಅಳಿಯ ಪೂರ್ತಿ ಸತ್ಯ ಹೇಳಿರಲಿಲ್ಲ. "ಹಳೇ ಪಟ್ಟಿ ಪೊಲೀಸ್ರಿಗೆ ಸಿಕ್ರೆ ಸುಮ್ನೆ ತಲೆನೋವು" ಎಂದಷ್ಟೇ ಹೇಳಿದ್ದನಂತೆ.

"ಈ ಹೆಲ್ಮೆಟ್ ಯಾರು?" ಎಂದರು ಇನ್‌ಸ್ಪೆಕ್ಟರ್.

"ಯಾರೋ ಗೊತ್ತಿಲ್ಲ ಸಾರ್!" ಎಂದ ಅಳಿಯ. "ದಾರೀಲಿ ಸಿಕ್ಕಿದ. ಅಂಗಡಿಗೆ ನುಗ್ಗಿದ್ರೆ ಅದು ಅವನ ತಪ್ಪು."

ಮತ್ತೊಂದು ಎಮ್ಮೆ, ಮತ್ತೊಂದು ಬರೆ. ಹೆಲ್ಮೆಟ್ಟಿನ ಕಿವಿಗೆ ಅದು ಚೆನ್ನಾಗಿ ಕೇಳಿಸಿತು. ಜೇಬಿನಿಂದ ಫೋನ್ ತೆಗೆದ. ಬೆಳಗುತ್ತಿತ್ತು ಫೋನು!

"ಇವತ್ತು ಹನ್ನೆರಡು ಸಲ ಫೋನ್ ಮಾಡಿದ್ದಾರೆ ಸಾರ್. 'ಡಬ್ಬ ಕೊಡದಿದ್ರೆ ಚುಚ್ಚು' ಅಂತ ಮೆಸೇಜೂ ಹಾಕಿದ್ದಾರೆ. ನೋಡ್ತೀರಾ? ಚಾರ್ಜ್ ಇದೆ."

ತಮ್ಮನನ್ನು ಬಿಡುವ ಕಾಗದ ಪ್ರಿಂಟ್ ಆಗಬೇಕಿತ್ತು. ಪ್ರಿಂಟರ್ ಒಪ್ಪಲಿಲ್ಲ. ಪ್ರಿಂಟರ್ ಎಂಬ ಪ್ರಾಣಿಯನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ! ಮೂರು ತಿಂಗಳ ಹಿಂದಿನ ಒಂದು ನೋಟಿಸ್, ಪ್ರಿಂಟಾಗಬೇಕಾದವುಗಳ ಸಾಲಿನ ಮುಂದೆ ಸಿಕ್ಕಿಕೊಂಡು ಕೂತಿತ್ತು. ಕಾಗದ ಬದಲಿಸಿ, ಇಂಕ್ ಬದಲಿಸಿ, ಕೊನೆಗೆ ಅವರು ಪ್ರಿಂಟರನ್ನೇ ಬದಲಿಸಲು ಅರ್ಜಿ ಹಾಕಿದ್ದರು. ಸಾಲಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಆಫ್ ಮಾಡಿ, ಆನ್ ಮಾಡಿದೆ. ಕಾಗದ ಬಂತು. ಗಂಟೆ ನಾಲ್ಕಾಗಲು ಎರಡು ನಿಮಿಷ.

ಹೊರಗೆ ಬಂದ ಮೇಲೆ ತಮ್ಮ ಸ್ಕೂಟರ್ ಪಕ್ಕ ನಿಂತು ಅತ್ತ.

"ನಾನಲ್ಲ ಅಲ್ವಾ ಅಕ್ಕಾ?"

"ನೀನಲ್ಲ ಕಣೋ. ಇನ್ನೊಂದ್ಸಲ ಹಾಳೆ ನೋಡಿ ನಿನ್ನ ಕೈನೇ ಅನುಮಾನಿಸಿದ್ರೆ ನಾನೇ ಚುಚ್ತೀನಿ!" ಎಂದು ಬೈದೆ. ಆಮೇಲೆ ನಾನೂ ಅತ್ತೆ. ಅದಕ್ಕೇನು ನಾಚಿಕೆ?

ಅಲ್ಲಿಂದ ಇಬ್ಬರೂ ಆಸ್ಪತ್ರೆಗೆ ಹೋದೆವು. ಆ ಹುಡುಗಿ ಬ್ಯಾಂಡೇಜು ಕಟ್ಟಿದ ಕೈ ತೋರಿಸಿ, "ಎರಡು ಬೆರಳು ಇನ್ನೂ ನೋಯ್ತಿವೆ ಅಕ್ಕಾ, ಇಲ್ಲದೇ ಇರೋವು" ಎಂದಳು. ಅದನ್ನು ರಿಪೇರಿ ಮಾಡುವುದು ನನಗೆ ಬರುವುದಿಲ್ಲ. ಒಂದು ಗಡಿಯಾರ ಮುಂದಿಟ್ಟು ಜನರನ್ನು ಓಡಿಸುವುದು ಗೊತ್ತಿತ್ತು ಆ ಮನೆಯವರಿಗೆ. ಅಂಗಿಗುಂಡಿಯಷ್ಟು ಬ್ಯಾಟರಿ ಬದಲಿಸುವುದು ಗೊತ್ತಿರಲಿಲ್ಲ. ಕಾರ್ಡ್ ತೋರಿಸುವ ಮೊದಲು ಮೆಷಿನ್ ಕಡೆ ಒಮ್ಮೆ ಕಣ್ಣು ಹಾಯಿಸುವುದಂತೂ ಗೊತ್ತೇ ಇರಲಿಲ್ಲ.

ಅಳಿಯ ಜಾಮೀನಿನ ಮೇಲೆ ಹೊರಗಿದ್ದಾನೆ. ಸೋಮವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ.

ಸರಿ, ಈಗ ನಿಮ್ಮ ಲ್ಯಾಪ್‌ಟಾಪ್. ಚಾರ್ಜರ್ ಸರಿ ಇದೆ. ಬ್ಯಾಟರಿ ಸರಿ ಇದೆ. ಡಿಸ್ಕ್ ಹೊಸದು. ಸ್ಲೋ ಅಂತೂ ಖಂಡಿತ ಅಲ್ಲ, ಕುದುರೆ ಓಡಿದಂತೆ ಓಡುತ್ತಿದೆ. ಒಂದೇ ತೊಂದರೆ. ನೀವು ಬಂದಾಗಿನಿಂದ ಇದರ ಮೈಕ್ ಆನ್ ಆಗಿದೆ. ರೆಕಾರ್ಡಿಂಗ್ ಓಡುತ್ತಿದೆ...

ಏಳಬೇಡಿ, ಏಳಬೇಡಿ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೇಕೆ? ನಾನು ನಿಲ್ಲಿಸಿಲ್ಲ. ಪೂರ್ತಿ ಆಗಲಿ. ಅಳಿಯನಿಗೆ ಮೊದಲಿನಿಂದ ಕೊನೆಯವರೆಗೆ ಕೇಳಿಸಿ. ಎರಡು ಬೆರಳಿನ ಭಾಗವನ್ನು ಎರಡು ಸಲ ಕೇಳಿಸಿ. ಗುಮಾಸ್ತೆಯ ಭಾಗಕ್ಕೂ ಹೆದರಿಕೆಯಿಲ್ಲ, ಅವಳು ಆ ಕೆಲಸ ಬಿಟ್ಟು ಇನ್‌ಸ್ಪೆಕ್ಟರಿಗೆ ತಾನೇ ಹೇಳಿಕೆ ಕೊಟ್ಟಾಗಿದೆ. ಪಟ್ಟಿಯ ಕಾಪಿ ಒಂದು ಇನ್‌ಸ್ಪೆಕ್ಟರ್ ಹತ್ತಿರ ಇದೆ, ಒಂದು ಆ ಹುಡುಗಿಯ ಹತ್ತಿರ ಇದೆ. ಮೂರನೆಯದು ಎಲ್ಲಿದೆ ಎಂದು ಹೇಳುವುದಿಲ್ಲ. ನನ್ನ ಹತ್ತಿರ ಏನು ಸಾಕ್ಷಿ ಇದೆ ಎಂದು ತಿಳಿಯಲು ಅವನೇ ನಿಮ್ಮನ್ನು ಕಳಿಸಿದ್ದಾನೆ ಎಂದು ನೀವು ಕಾರ್ಖಾನೆಯ ಸುದ್ದಿ ಎತ್ತಿದಾಗಲೇ ಗೊತ್ತಾಯಿತು.

ಹೋಗಿ ಬನ್ನಿ. ಬಾಗಿಲಲ್ಲಿ ಕೂತು ಡಬ್ಬ ಬಿಚ್ಚುತ್ತಿದ್ದಾನಲ್ಲ, ಹೆಲ್ಮೆಟ್ ಹಾಕಿಕೊಂಡು... ಅವನ ಮೇಲೆ ನಾನು ದೂರು ಕೊಡಲಿಲ್ಲ, ಈಗ ನನ್ನ ಹತ್ತಿರವೇ ಕೆಲಸ. ಅವನನ್ನು ದಾಟಿ ಹೋಗುವಾಗ ಸ್ವಲ್ಪ ಹುಷಾರು.

ಸ್ಕ್ರೂಡ್ರೈವರ್ ನಾನಿನ್ನೂ ವಾಪಸ್ ಇಸಿದುಕೊಂಡಿಲ್ಲ!